ಬಾರಾ ಗಜಿ ತೋಪಿಗೊಂದು ಟೆಂಡರ್

ರಕ್ಷಣಾ ಸಚಿವಾಲಯ 2025ನ್ನು ಸುಧಾರಣೆಗಳ ವರ್ಷವೆಂದು ಘೋಷಿಸಿತ್ತು. ಅದರಿಂದ ಧೈರ್ಯ ತಂದುಕೊಂಡು, ಕಲಬುರಗಿಯ ನಾಗರಿಕರ ಪರವಾಗಿ, ಅವರು ಯಾರೂ ಕೇಳಿಕೊಳ್ಳದಿದ್ದರೂ, ಈ ಪ್ರಸ್ತಾವ ಮುಂದಿಡುತ್ತಿದ್ದೇನೆ: ನಮ್ಮ ಕೋಟೆಯ ಬಾರಾ ಗಜಿ ತೋಪನ್ನು, ಅಂದರೆ ಹಳೆಯ ಫಿರಂಗಿಯನ್ನು, ಭಾರತೀಯ ಸೇನೆ ಕೂಡಲೇ ಖರೀದಿಸಬೇಕು.

ಉದ್ದ 29 ಅಡಿ. ಮೈ ಪಂಚಲೋಹದ್ದು ಎನ್ನುತ್ತಾರೆ. ಜಗತ್ತಿನಲ್ಲೇ ಇಷ್ಟುದ್ದದ ತೋಪು ಇನ್ನೊಂದಿಲ್ಲ ಎಂಬುದು ನಮ್ಮೂರವರ ವಾದ. ವಾದಕ್ಕೆ ನಿಂತ ಕಲಬುರಗಿಯವರನ್ನು ಗೆದ್ದವರಿಲ್ಲ. ಮೇ ತಿಂಗಳ ಮಧ್ಯಾಹ್ನ ಅದರ ಬೆನ್ನೇರಿ ಸೆಲ್ಫಿ ತೆಗೆದುಕೊಳ್ಳಲು ಹೋದ ಹುಡುಗರು ಕೂತದ್ದಕ್ಕಿಂತ ಬೇಗ ಏಳುತ್ತಾರೆ. ನಳಿಗೆಯೊಳಗೆ ಇಣುಕಿದರೆ ಶೇಂಗಾ ಸಿಪ್ಪೆ, ಗುಟ್ಕಾ ಚೀಟಿ, ಅರ್ಧ ಕುಡಿದು ಬಿಸಾಕಿದ ನೀರಿನ ಬಾಟಲಿ. ಇಷ್ಟನ್ನು ಗುಡಿಸಿದರೆ ತೋಪು ಸಿದ್ಧ. ಸಿದ್ಧವಾಗಿರುವ ಆಯುಧ ಎಂಬುದೇ ನಮ್ಮ ದೇಶದಲ್ಲಿ ಅಪರೂಪದ ಅರ್ಹತೆ.

ಅದಕ್ಕೂ ದೊಡ್ಡ ಅರ್ಹತೆಯೆಂದರೆ ಇದಕ್ಕೆ ಎಂಜಿನ್ ಇಲ್ಲ. ತೇಜಸ್ ಯುದ್ಧವಿಮಾನದ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 1983ರಲ್ಲಿ, ಅದು ಮೊದಲು ಹಾರಿದ್ದು 2001ರಲ್ಲಿ. 2021ರಲ್ಲಿ 83 ಹೊಸ ತೇಜಸ್‌ಗಳಿಗೆ ಗುತ್ತಿಗೆಯಾಯಿತು. ಎಂಜಿನ್ ಮಾತ್ರ ಅಮೆರಿಕದಿಂದ ಬರಬೇಕು. 99 ಎಂಜಿನ್‌ಗಳ ಪೈಕಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ 1963ರಿಂದ ದುಡಿಯುತ್ತಿದ್ದ ಮಿಗ್-21ಗೆ ನಿವೃತ್ತಿಯ ದಿನ ಬಂತು. ಅದು ಸೆಪ್ಟೆಂಬರ್‌ನಲ್ಲಿ ಹಾರ ಹಾಕಿಸಿಕೊಂಡು ಮನೆಗೆ ಹೋಯಿತು. ವಾಯುಪಡೆಗೆ ಮಂಜೂರಾದ ಸ್ಕ್ವಾಡ್ರನ್‌ಗಳು, ಅಂದರೆ ಯುದ್ಧವಿಮಾನಗಳ ತುಕಡಿಗಳು, 42, ಉಳಿದದ್ದು 29. ನಮ್ಮ ತೋಪಿನ ಅಡಿಗಳಷ್ಟೇ. ಇದನ್ನು ಶುಭಶಕುನವೆಂದು ಪರಿಗಣಿಸಬೇಕಾಗಿ ವಿನಂತಿ.

ದೊಡ್ಡ ದೇಶಗಳ ಜಗಳದ ನಡುವೆ ಆಯುಧ ಕೊಳ್ಳುವ ಕಷ್ಟ ಬೇರೆಯೇ. 2018ರಲ್ಲಿ ರಷ್ಯಾದಿಂದ ಎಸ್-400 ಕ್ಷಿಪಣಿ ವ್ಯವಸ್ಥೆ ಕೊಳ್ಳಲು ಸಹಿ ಹಾಕಿದೆವು. ರಷ್ಯಾದ ಆಯುಧ ಕೊಂಡವರಿಗೆ ನಿರ್ಬಂಧ ಹೇರುತ್ತೇವೆಂದು ಅಮೆರಿಕ ಅದಕ್ಕೆ ಒಂದು ವರ್ಷ ಮೊದಲೇ ಕಾನೂನು ಮಾಡಿಟ್ಟಿತ್ತು. ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಯ ಯಾವುದೋ ಬಟ್ಟೆ ಅಂಗಡಿಯವನು, ಎದುರಿನ ಅಂಗಡಿಯ ಮೆಟ್ಟಿಲು ಹತ್ತಿದರೆ ಹೊಲಿಯಲು ಕೊಟ್ಟ ಜುಬ್ಬಾದ ಗುಂಡಿ ವಾಪಸು ಕೊಡುವುದಿಲ್ಲ ಎಂದಂತೆ. ಅದೇ ಎಸ್-400 ಕೊಂಡ ತಪ್ಪಿಗೆ ತುರ್ಕಿಯ ಮೇಲೆ ನಿರ್ಬಂಧ ಬಿದ್ದೇ ಬಿತ್ತು. ನಮ್ಮ ಮೇಲೆ ಬೀಳಲಿಲ್ಲ. ಆದರೆ ರಷ್ಯಾ ಉಕ್ರೇನ್ ಯುದ್ಧಕ್ಕೆ ಇಳಿದ ಮೇಲೆ ಬರಬೇಕಾದ ಸರಕೇ ತಡವಾಯಿತು. ಇನ್ನು ಚೀನಾದ ಕಥೆ: 2025ರ ಆರಂಭದಲ್ಲಿ ಸೇನೆಯ 400 ಡ್ರೋನ್‌ಗಳ ಗುತ್ತಿಗೆ ರದ್ದಾಯಿತು, ಒಳಗೆ ಚೀನಾದ ಬಿಡಿಭಾಗಗಳಿವೆ ಎಂಬ ಕಾರಣಕ್ಕೆ. ನಮ್ಮ ತೋಪಿನೊಳಗಿರುವ ಬಿಡಿಭಾಗಗಳ ಪಟ್ಟಿಯನ್ನು ಮೇಲೆ ಕೊಟ್ಟಿದ್ದೇನೆ. ಶೇಂಗಾ ಸ್ಥಳೀಯ ಬೆಳೆ.

ಆಯುಧ ತಡವಾಗಬಹುದು, ಆಯುಧ ಕೊಳ್ಳುವ ನಿಯಮ ಪುಸ್ತಕ ಎಂದೂ ತಡವಾಗಿಲ್ಲ ಎಂಬುದನ್ನು ಇಲ್ಲಿ ಮೆಚ್ಚುಗೆಯಿಂದ ನೆನೆಯಬೇಕು. ಕಾರ್ಗಿಲ್ ಯುದ್ಧದ ಬಳಿಕ 2002ರಲ್ಲಿ ಮೊದಲನೆಯದು ಬಂತು. ಆಮೇಲೆ 2005, 2006, 2008, 2011, 2013, 2016, 2020 ಎಂದು ಒಂದರ ಹಿಂದೊಂದು ಬಂದವು. ಪ್ರತಿಯೊಂದೂ ಹಿಂದಿನದರ ವಿಳಂಬವನ್ನು ನಿವಾರಿಸಲೆಂದೇ ಬಂದದ್ದು. ಈ ಪುಸ್ತಕಗಳು ಸೊಂಪಾಗಿ ಬೆಳೆಯುತ್ತಿದ್ದ ಕಾಲದಲ್ಲೇ 126 ಯುದ್ಧವಿಮಾನಗಳಿಗೆ 2007ರಲ್ಲಿ ಟೆಂಡರ್ ಕರೆದು, 2012ರಲ್ಲಿ ರಫೇಲ್ ಆಯ್ಕೆ ಮಾಡಿ, 2015ರಲ್ಲಿ ಎಲ್ಲವನ್ನೂ ಕೈಬಿಟ್ಟು, 2016ರಲ್ಲಿ ಬೇರೆ ದಾರಿಯಿಂದ 36 ಕೊಂಡರು. ನಿಯಮ ಪಾಲಿಸಿದರೆ ವಿಮಾನವಿಲ್ಲ, ವಿಮಾನ ಬೇಕಿದ್ದರೆ ನಿಯಮವಿಲ್ಲ. ಬೋಫೋರ್ಸ್ ಫಿರಂಗಿ ಖರೀದಿಯ ಲಂಚ ಹಗರಣ ಆದ ಮೇಲಂತೂ ಹೊಸ ಫಿರಂಗಿ ಕೊಳ್ಳಲು 30 ವರ್ಷ ಹಿಡಿಯಿತು. ಕೊಂಡವನಿಗೆ ತನಿಖೆ, ಕೊಳ್ಳದವನಿಗೆ ಬಡ್ತಿ ಎಂದಾದ ಮೇಲೆ ಯಾವ ಅಧಿಕಾರಿ ತಾನೇ ಸಹಿ ಹಾಕುತ್ತಾನೆ?

ನಮ್ಮ ಪಕ್ಕದ ಬೀದರಿನವರಿಗೆ ಇದು ತಲೆಯ ಮೇಲೆಯೇ ಹಾರಾಡುವ ವಿಷಯ. ಪೈಲಟ್‌ಗಳ ತರಬೇತಿಗೆ ಒಳ್ಳೆಯ ಜೆಟ್ ಬೇಕೆಂದು ಸಮಿತಿ ಹೇಳಿದ್ದು 1982ರಲ್ಲಿ. ಹಾಕ್ ವಿಮಾನಗಳಿಗೆ ಒಪ್ಪಂದವಾದದ್ದು 2004ರಲ್ಲಿ. ಬೀದರ್ ವಾಯುನೆಲೆಯಲ್ಲಿ ಅವು ಸೇವೆಗೆ ಸೇರಿದ್ದು 2008ರಲ್ಲಿ. ಸಮಿತಿ ವರದಿ ಕೊಟ್ಟ ದಿನ ಹುಟ್ಟಿದ ಕೂಸು ಅಷ್ಟರಲ್ಲಿ ಪೈಲಟ್ ಆಗಿ, ಹಾಕ್ ಇಲ್ಲದೆಯೇ ಕಲಿತು, ತನ್ನ ಕೂಸಿಗೆ ಆಕಾಶ ತೋರಿಸುತ್ತಿರಬಹುದು.

ಅದೇ ಬೀದರಿನಲ್ಲಿ ಐದು ಶತಮಾನಗಳ ಹಿಂದೆ ಮಹಮೂದ್ ಗವಾನ್ ಎಂಬ, ಬಹಮನಿ ಸುಲ್ತಾನರ ಪ್ರಧಾನಿಯಿದ್ದ. ಆ ಕಾಲದ ಎಂಜಿನ್ ಎಂದರೆ ಕುದುರೆ. ಅದೂ ಸಮುದ್ರದಾಚೆಯಿಂದ ಬರಬೇಕು. ಗವಾನ್ ಅರ್ಜಿ ಹಿಡಿದು ಕೂರಲಿಲ್ಲ, 1472ರಲ್ಲಿ ಕುದುರೆ ಇಳಿಯುವ ಗೋವಾ ಬಂದರನ್ನೇ ವಿಜಯನಗರದಿಂದ ಕಿತ್ತುಕೊಂಡ. ಸರದಾರರ ಕೈಯಲ್ಲಿದ್ದ ಪ್ರಾಂತಗಳನ್ನು ಒಡೆದು ಎಂಟು ಮಾಡಿದ, ಕೋಟೆಗಳ ಹಿಡಿತ ಕಸಿದ. ಸುಧಾರಣೆ ಎಂದರೆ ಹೀಗೆ, ಯಾರದಾದರೂ ಕೈಯಿಂದ ಏನನ್ನಾದರೂ ಕಿತ್ತುಕೊಳ್ಳುವುದು. ಆ ಯಾರಾದರೂ ಸೇರಿ ಗವಾನನ ಮೊಹರಿನ, ರಾಜದ್ರೋಹದ ಸುಳ್ಳು ಪತ್ರ ಹುಟ್ಟಿಸಿದರು. ಸುಲ್ತಾನ 1481ರಲ್ಲಿ ಅವನ ತಲೆ ತೆಗೆಸಿದ. ದೆಹಲಿಯ ಸುಧಾರಕರು ಈ ಚರಿತ್ರೆಯನ್ನು ಚೆನ್ನಾಗಿ ಓದಿಕೊಂಡಿದ್ದಾರೆ. ಯಾರ ಕೈಯಿಂದಲೂ ಏನನ್ನೂ ಕಿತ್ತುಕೊಳ್ಳದೆ ಹೊಸ ಪುಸ್ತಕ ಅಚ್ಚು ಹಾಕಿಸುತ್ತಾರೆ.

ಇರಲಿ, ನಮ್ಮ ಅರ್ಜಿಗೆ ಬರೋಣ. ಪರೀಕ್ಷೆಗೆ ಹೆದರಿಕೆಯಿಲ್ಲ. ಬೇಸಿಗೆ ಪರೀಕ್ಷೆಗೆ ರಾಜಸ್ಥಾನದ ಮರುಭೂಮಿಗೆ ಹೋಗುವ ಅಗತ್ಯವೇ ಬೀಳದು, ಅಧಿಕಾರಿಗಳು ಕಲಬುರಗಿ ನಿಲ್ದಾಣದಲ್ಲಿ ಇಳಿದರೆ ಸಾಕು. ಲಡಾಖಿನ ಚಳಿಗೆ ಒಯ್ಯಬೇಕೆಂದರೆ ಯೋಚಿಸಬೇಕು, ಪರೀಕ್ಷೆಯ ಖರ್ಚು ಮಾರುವವನ ತಲೆಗೇ ಬರುತ್ತದೆ. ಎರಡು ಅಳತೆಯ ಗುಂಡು ಹಾರಿಸಬೇಕೆಂಬ ಷರತ್ತು ಬೇಡ. ನಳಿಗೆ ಬದಲಿಸಿ ಎರಡು ಬಗೆಯ ಗುಂಡು ಹಾರಿಸುವ ಬಂದೂಕು ಬೇಕೆಂದು 2011ರಲ್ಲಿ ಕರೆದ ಟೆಂಡರ್ 2015ರಲ್ಲಿ ಬರಿಗೈಯಲ್ಲಿ ಮುಗಿದದ್ದು ನೆನಪಿದೆ.

ನನ್ನ ಭಯ ಬೇರೆ. ಒಬ್ಬನೇ ಮಾರುವವನಿದ್ದರೆ ಕಡತ ವಾಪಸು ಕಳಿಸುವುದು ಕಚೇರಿಯ ಪದ್ಧತಿ. ಎರಡನೆಯವನನ್ನು ಹುಡುಕಿದರೆ ಸಿಗುವುದು ವಿಜಯಪುರದ ಮಲಿಕ್-ಎ-ಮೈದಾನ್ ತೋಪು. ತೂಕ ಸುಮಾರು 55 ಟನ್, ಹೆಸರು ದೊಡ್ಡದು. ಆದರೆ 1549ರಲ್ಲಿ ಅದನ್ನು ಎರಕ ಹೊಯ್ದದ್ದು ಅಹಮದ್‌ನಗರದಲ್ಲಿ, ಹೊಯ್ದವನು ತುರ್ಕಿಯವನು. ಸ್ವದೇಶಿ ವಿನ್ಯಾಸದ ಕಾಲಂನಲ್ಲಿ ಏನು ಬರೆಯುತ್ತಾರೋ ನೋಡೋಣ. ಅಷ್ಟೇ ಅಲ್ಲ, 1854ರಲ್ಲಿ ಅದನ್ನು ಹರಾಜಿಗಿಟ್ಟಾಗ ಬಂದ ಬೆಲೆ 150 ರೂಪಾಯಿ, ಆ ವ್ಯವಹಾರವೂ ಕೊನೆಗೆ ರದ್ದಾಯಿತು. ಕಡಿಮೆ ದರದವನಿಗೇ ಗುತ್ತಿಗೆ ಎಂದು ಸಮಿತಿ ಹಟ ಹಿಡಿದರೆ ನಾವು 149ಕ್ಕೆ ಇಳಿಯಬೇಕಾಗುತ್ತದೆ. ಆದ್ದರಿಂದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ತೋಪುಗಳಿಗೆ ಮೀಸಲಾತಿ ಕೊಡಬೇಕು, ಮತ್ತು ಬುರುಜಿನಿಂದ ಕೆಳಗಿಳಿಸುವ ಕ್ರೇನ್ ಬಾಡಿಗೆ ಯಾರದೆಂದು ಈಗಲೇ ಬರವಣಿಗೆಯಲ್ಲಿ ತಿಳಿಸಬೇಕು.