ವಾಕ್ ಸ್ವಾತಂತ್ರ್ಯಕ್ಕೆ ಐದೇ ನಿಮಿಷ

ವಾಕ್ ಸ್ವಾತಂತ್ರ್ಯದ ಬಗ್ಗೆ ವಿಚಾರ ಸಂಕಿರಣ ಮಾಡುವುದು ಸುಲಭದ ಕೆಲಸ ಅಂದುಕೊಂಡವರು ಸಂಚಾಲಕರ ಸುತ್ತೋಲೆಯನ್ನು ಪೂರ್ತಿ ಓದಿರುವುದಿಲ್ಲ. ‘ಶಾಂತಿ, ಸಂಘರ್ಷ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ’ ಅಂತ ವಿಷಯ ದಪ್ಪಕ್ಷರದಲ್ಲಿರುತ್ತದೆ. ಷರತ್ತುಗಳು ಅದರ ಕೆಳಗೆ, ಸಣ್ಣಕ್ಷರದಲ್ಲಿ. ಭಾಷಣದ ಪ್ರತಿಯನ್ನು ಮೊದಲೇ ಕಳಿಸಬೇಕು. ಸೂಕ್ಷ್ಮ ವಿಷಯ ಎತ್ತಬಾರದು. ಈಗ ನಡೆಯುತ್ತಿರುವ ಯುದ್ಧಗಳ ಹೆಸರು ತೆಗೆಯದಿದ್ದರೆ ಒಳ್ಳೆಯದು. ಮುಗಿದುಹೋದ ಯುದ್ಧಗಳ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಸತ್ತವರು ದೂರು ಕೊಡಲು ಬರುವುದಿಲ್ಲ, ಅಲ್ವಾ?

ಇಷ್ಟೆಲ್ಲ ಜರಡಿ ದಾಟಿ ಬಂದ ಭಾಷಣಕ್ಕೂ ಕೊನೆಯಲ್ಲೊಂದು ಸಾಲು ಅಂಟಿಸುತ್ತಾರೆ: ಇಲ್ಲಿರುವ ಅಭಿಪ್ರಾಯಗಳು ಭಾಷಣಕಾರರವು, ಸಂಸ್ಥೆಯದ್ದಲ್ಲ. ಹಾಗಾದರೆ ಸಂಸ್ಥೆಯ ಅಭಿಪ್ರಾಯವೇನು ಅಂತ ಕೇಳಬೇಡಿ. ಸಂಸ್ಥೆಗೆ ಅಭಿಪ್ರಾಯ ಇರುವುದಿಲ್ಲ, ಬ್ಯಾನರ್ ಇರುತ್ತದೆ.

ಇದು ಇವತ್ತು ನಿನ್ನೆಯ ಕಥೆಯಲ್ಲ. ತತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ ಧರ್ಮದ ಬಗ್ಗೆ ಬರೆದದ್ದು ಪ್ರಷ್ಯಾದ ರಾಜ ಎರಡನೇ ಫ್ರೆಡ್ರಿಕ್ ವಿಲ್ಹೆಲ್ಮನಿಗೆ ಹಿಡಿಸಲಿಲ್ಲ. 1794ರಲ್ಲಿ ಗದರಿಕೆಯ ಆಜ್ಞೆ ಬಂತು. ತಮ್ಮ ನಿಷ್ಠಾವಂತ ಪ್ರಜೆಯಾಗಿ ಇನ್ನು ಆ ವಿಷಯಕ್ಕೆ ಬಾಯಿ ಹಾಕುವುದಿಲ್ಲ ಅಂತ ಕಾಂಟ್ ಮಾತು ಕೊಟ್ಟ. ಮರುವರ್ಷ ಶಾಶ್ವತ ಶಾಂತಿಯ ಬಗ್ಗೆ ಪುಟ್ಟ ಪುಸ್ತಕ ಬರೆದ. ಅದರ ಮೊದಲ ಸಾಲುಗಳಲ್ಲೇ ಒಂದು ಕುಹಕವಿದೆ. ಒಬ್ಬ ಡಚ್ ಹೋಟೆಲಿನವ ತನ್ನ ಬೋರ್ಡಿನ ಮೇಲೆ ‘ಶಾಶ್ವತ ಶಾಂತಿ’ ಅಂತ ಬರೆಸಿದ್ದನಂತೆ. ಜೊತೆಗೆ ಬಿಡಿಸಿದ್ದ ಚಿತ್ರ ಸ್ಮಶಾನದ್ದು. 1797ರಲ್ಲಿ ರಾಜ ತೀರಿಕೊಂಡ. ಮಾತು ಕೊಟ್ಟಿದ್ದು ಆ ರಾಜನ ಪ್ರಜೆಯಾಗಿ ತಾನೇ ಅಂತ ಲೆಕ್ಕ ಹಾಕಿದ ಕಾಂಟ್, 1798ರಲ್ಲಿ ಮತ್ತೆ ಬಾಯಿಬಿಟ್ಟ. ಆ ಪುಸ್ತಕದ ವಿಷಯ ವಿಶ್ವವಿದ್ಯಾಲಯದ ವಿಭಾಗಗಳ ನಡುವಿನ ಸಂಘರ್ಷ! ಬಾಯಿಗೆ ಬೀಗ, ಶಾಂತಿ, ಸಂಘರ್ಷ, ಮೂರೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ನಾಲ್ಕೈದು ವರ್ಷದೊಳಗೆ ಮುಗಿದವು. ಸ್ವಾಗತ ಭಾಷಣವೂ ಇರಲಿಲ್ಲ, ಮುಖ್ಯ ಅತಿಥಿಗಳೂ ಇರಲಿಲ್ಲ.

ಈಗ ಶಾಂತಿ ಅಂದರೆ ದೊಡ್ಡ ಅಧ್ಯಯನ ಕ್ಷೇತ್ರ. ಓಸ್ಲೋದಲ್ಲಿ 1959ರಲ್ಲಿ ಶಾಂತಿ ಸಂಶೋಧನೆಗೆ ಅಂತಲೇ ಸಂಸ್ಥೆ ಕಟ್ಟಿದ ಯೋಹಾನ್ ಗಾಲ್ಟುಂಗ್ ಒಂದು ಒಳ್ಳೆಯ ಮಾತು ಹೇಳಿದರು. ಬರೀ ಹೊಡೆದಾಟ ನಿಂತರೆ ಅದು ಋಣಾತ್ಮಕ ಶಾಂತಿ. ವ್ಯವಸ್ಥೆಯೊಳಗಿನ ಅನ್ಯಾಯವೂ ಹೋದರೆ ಧನಾತ್ಮಕ ಶಾಂತಿ. ಒಮ್ಮೆ ಕೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಆದರೆ ಸಂಕಿರಣದಲ್ಲಿ ಒಮ್ಮೆ ಕೇಳಿ ಪಾರಾಗುವ ಹಾಗಿಲ್ಲ. ಮೊದಲ ಭಾಷಣಕಾರರು ಇದನ್ನು ವಿವರಿಸುತ್ತಾರೆ. ಎರಡನೆಯವರು ‘ಈಗಾಗಲೇ ಹೇಳಿದಂತೆ’ ಅಂತ ಶುರು ಮಾಡಿ, ಈಗಾಗಲೇ ಹೇಳಿದ್ದನ್ನು ಹೇಳುತ್ತಾರೆ. ಮೂರನೆಯವರ ಸ್ಲೈಡಿನಲ್ಲಿ ಅದಕ್ಕೆ ಬಾಣದ ಗುರುತು ಬಂದಿರುತ್ತದೆ.

ಸಂಘರ್ಷಕ್ಕೂ ಲೆಕ್ಕವಿದೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದವರು ಜಗತ್ತಿನ ಸಂಘರ್ಷಗಳ ಅಂಕಿಅಂಶ ಕೂಡಿಡುತ್ತಾರೆ. ಒಂದು ವರ್ಷದಲ್ಲಿ ಕಾಳಗದಿಂದ ಕನಿಷ್ಠ 25 ಜನ ಸತ್ತರೆ ಅದು ಸಶಸ್ತ್ರ ಸಂಘರ್ಷ. 1000 ಮುಟ್ಟಿದರೆ ಯುದ್ಧ. ಲೆಕ್ಕ ಇಡುವವರಿಗೆ ಎಲ್ಲಾದರೂ ಒಂದು ಗೆರೆ ಬೇಕು, ಅದರಲ್ಲಿ ತಪ್ಪಿಲ್ಲ. ಆ ಗೆರೆ ಗೋಷ್ಠಿಯ ಕೈಗೆ ಸಿಕ್ಕಾಗ ನೋಡಬೇಕು. ‘24 ಆದರೆ?’ ಅಂತ ಒಬ್ಬರು ಕೇಳುತ್ತಾರೆ. ಅಲ್ಲಿಗೆ ಮುಗೀತು. ಇಬ್ಬರು ಪ್ರೊಫೆಸರ್‌ಗಳು ಮೈಕ್ ಎಳೆದಾಡಿಕೊಂಡು ಮಾನದಂಡದ ಬಗ್ಗೆ ಜಗಳಕ್ಕಿಳಿಯುತ್ತಾರೆ. ಆ 24 ಜನ ಯಾರು, ಯಾಕೆ ಸತ್ತರು ಅನ್ನುವುದು ಕಾರ್ಯಕ್ರಮ ಪಟ್ಟಿಯಲ್ಲಿರುವುದಿಲ್ಲ.

ಕೊನೆಗೆ ಬರುತ್ತದೆ ಸಂವಾದ. ಪಟ್ಟಿಯಲ್ಲಿ ಅದಕ್ಕೆ ಕೊಟ್ಟಿರುವುದು ಅರ್ಧ ಗಂಟೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಆಶಯ ಭಾಷಣ ಎಲ್ಲ ಸೇರಿ ತಿಂದು ಉಳಿಸಿದ್ದು ಐದು ನಿಮಿಷ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಹೆಸರು, ವಿಭಾಗ, ಮೊಬೈಲ್ ನಂಬರ್ ಸಮೇತ.

ಆಗ ವೇದಿಕೆ ಮೇಲಿನ ನಿರೂಪಕರ ಕೈ ನೋಡಬೇಕು. ಒಂದು ಚೀಟಿ ಬಿಚ್ಚುತ್ತಾರೆ. ಓದುತ್ತಾರೆ. ಹುಬ್ಬು ಮೇಲೇರುತ್ತದೆ. ಮೊದಲಿದ್ದ ಹಾಗೇ ಮಡಚಿ ನೀರಿನ ಬಾಟಲಿ ಕೆಳಗೆ ಇಡುತ್ತಾರೆ. ಎರಡನೆಯದೂ ಬಾಟಲಿ ಕೆಳಕ್ಕೆ. ಮೂರನೆಯದನ್ನು ಪಕ್ಕದಲ್ಲಿ ಕೂತ ಅಧ್ಯಕ್ಷರಿಗೆ ತೋರಿಸುತ್ತಾರೆ, ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಓದಿ ಬಾಟಲಿ ಕಡೆ ನೋಡುತ್ತಾರೆ. ನಾಲ್ಕನೆಯದು ಕೈಗೆ ಬಂದಾಗ ನಿರೂಪಕರ ಮುಖ ಅರಳುತ್ತದೆ. ‘ಬಹಳ ಒಳ್ಳೆಯ ಪ್ರಶ್ನೆ. ಯುವಜನತೆಗೆ ತಮ್ಮ ಸಂದೇಶವೇನು?’

ಸಂದೇಶ ಮುಗಿಯುವಷ್ಟರಲ್ಲಿ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಲ್ಲುತ್ತಾರೆ. ಅವರಿಗೆ ಚೀಟಿ ಬೇಡ, ಮೈಕ್ ತಾನಾಗಿ ಹೋಗುತ್ತದೆ. ‘ನನ್ನದು ಪ್ರಶ್ನೆ ಅಲ್ಲ, ಒಂದು ಸಣ್ಣ ಅನಿಸಿಕೆ.’ ಸಣ್ಣದು ಅಂದಾಗಲೇ ಗೊತ್ತಾಗುತ್ತದೆ, ಅದು ಜಾಸ್ತಿ ಹೊತ್ತು ನಡೆಯುವಂಥದ್ದು ಅಂತ. ಆಮೇಲೆ ನಿರೂಪಕರು ಗಡಿಯಾರ ನೋಡಿ ಆ ಮಹಾವಾಕ್ಯ ಹೇಳುತ್ತಾರೆ: ‘ಸಮಯದ ಅಭಾವದಿಂದ ಉಳಿದ ಪ್ರಶ್ನೆಗಳನ್ನು ತೆಗೆದುಕೊಳ್ಳಲು ಆಗುತ್ತಿಲ್ಲ, ದಯವಿಟ್ಟು ಸಹಕರಿಸಿ.’

ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ಅಂತ 1966ರದ್ದೊಂದಿದೆ. ಅದರ 19ನೇ ವಿಧಿ ಅವತ್ತು ಬೆಳಿಗ್ಗೆಯೇ ಸ್ಲೈಡಿನಲ್ಲಿ ಬಂದು ಹೋಗಿರುತ್ತದೆ. ಮಾತಿಗೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಅಂತ ಅದರಲ್ಲೇ ಬರೆದಿದ್ದಾರೆ. ಬೇರೆಯವರ ಹಕ್ಕು ಮತ್ತು ಮಾನ, ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಆರೋಗ್ಯ, ನೈತಿಕತೆ. ಅದೂ ಕಾನೂನಿನ ಪ್ರಕಾರ, ಅಗತ್ಯ ಇದ್ದಷ್ಟೇ. ಸಮಯದ ಅಭಾವ ಆ ಪಟ್ಟಿಯಲ್ಲಿಲ್ಲ. ಅಷ್ಟೊಂದು ದೇಶಗಳ ಪ್ರತಿನಿಧಿಗಳು ವರ್ಷಗಟ್ಟಲೆ ಕೂತು ಚರ್ಚಿಸಿದರೂ ಇದೊಂದು ಹೊಳೆಯಲಿಲ್ಲ ನೋಡಿ. ಸರ್ವಾಧಿಕಾರಿಗಳಂತೂ ಪತ್ರಿಕೆ ಮುಚ್ಚಿಸಿ, ಲೇಖಕರನ್ನು ಜೈಲಿಗೆ ತಳ್ಳಿ ಸುಮ್ನೆ ಕೆಟ್ಟ ಹೆಸರು ತಗೊಂಡರು. ಒಬ್ಬ ಒಳ್ಳೆಯ ನಿರೂಪಕರು, ಒಂದು ನೀರಿನ ಬಾಟಲಿ ಇದ್ದಿದ್ದರೆ ಸಾಕಿತ್ತು.

ನಿಜವಾದ ಸಂಕಿರಣ ಶುರುವಾಗುವುದು ವಂದನಾರ್ಪಣೆ ಮುಗಿದ ಮೇಲೆ, ಹೊರಗಿನ ಕಾರಿಡಾರಿನಲ್ಲಿ. ಇದಕ್ಕೂ ಒಂದು ಗೌರವದ ದಾರಿ ಇದೆ. ಅಂತರರಾಷ್ಟ್ರೀಯ ವಿಚಾರಗಳ ಚರ್ಚೆಗೆ ಹೆಸರಾದ ಲಂಡನ್ನಿನ ಸಂಸ್ಥೆ ಚಾಥಮ್ ಹೌಸ್‌ನವರು 1927ರಲ್ಲೇ ನಿಯಮ ಮಾಡಿಟ್ಟಿದ್ದಾರೆ: ಸಭೆಯಲ್ಲಿ ಕೇಳಿದ್ದನ್ನು ಬಳಸಿಕೊಳ್ಳಿ, ಯಾರು ಹೇಳಿದ್ದು ಅಂತ ಮಾತ್ರ ಹೇಳಬೇಡಿ. ಬಾಟಲಿ ಕೆಳಗೆ ಹೋದ ಚೀಟಿಯ ಸಂಶೋಧನಾ ವಿದ್ಯಾರ್ಥಿನಿ ಅಲ್ಲೇ ಭಾಷಣಕಾರರನ್ನು ಹಿಡಿಯುತ್ತಾಳೆ.

‘ಸರ್, ನಮ್ಮ ಸಂಸ್ಥೆ ಬಗ್ಗೆನೇ ಒಂದು ಪ್ರಶ್ನೆ ಬರೆದುಕೊಟ್ಟಿದ್ದೆ.’

‘ಓದಿದೆನಮ್ಮ, ಬಾಟಲಿ ಪಕ್ಕದಲ್ಲೇ ಕೂತಿದ್ದೆ.’

ಅವರು ಆಚೆ ಈಚೆ ನೋಡುತ್ತಾರೆ. ಸಂಚಾಲಕರು ಸರ್ಟಿಫಿಕೇಟ್ ಹಂಚುವುದರಲ್ಲಿ ಮುಳುಗಿರುತ್ತಾರೆ. ಆಮೇಲೆ ದನಿ ತಗ್ಗಿಸಿ, ಬೆಳಿಗ್ಗೆಯಿಂದ ಹೇಳದೇ ಇದ್ದದ್ದನ್ನೆಲ್ಲ ಎರಡೇ ನಿಮಿಷದಲ್ಲಿ ಹೇಳಿ ಮುಗಿಸುತ್ತಾರೆ. ಹೆಸರು ಸಹಿತ, ಕಾರಣ ಸಹಿತ, ಒಂದೇ ಒಂದು ಸ್ಲೈಡ್ ಇಲ್ಲದೆ. ಎಂಥ ಚೆಂದದ ಉತ್ತರ ಅಂತೀರಿ! ಯಾರು ಹೇಳಿದ್ದು ಅಂತ ಬರೆಯದಿದ್ದರೆ ಚಾಥಮ್ ಹೌಸ್‌ನವರದ್ದೂ ತಕರಾರಿಲ್ಲ. ಪೂರ್ತಿ ಇಲ್ಲೇ ಕೊಡಬಹುದಿತ್ತು. ಆದರೆ ಸ್ಥಳಾಭಾವ, ದಯವಿಟ್ಟು ಸಹಕರಿಸಿ.