ಮಂಗಳವಾರದ ಫಸ್ಟ್ ಶೋ ಹೇಗೂ ಖಾಲಿ, ಅದನ್ನು ಸಣ್ಣ ಚಿತ್ರಕ್ಕೆ ಕೊಡಿ

ವಿಜಯಪುರದ ನಮ್ಮ ಟಾಕೀಸಿನಲ್ಲಿ ಈ ವಾರವೂ ನಾಲ್ಕು ಆಟ, ನಾಲ್ಕೂ ಒಂದೇ ಚಿತ್ರ. ನಾಯಕನ ಮುಖ ರಸ್ತೆಯ ಆ ತುದಿಯಿಂದಲೇ ಕಾಣುತ್ತದೆ, ನಿರ್ದೇಶಕರ ಹೆಸರು ಓದಬೇಕೆಂದರೆ ಗೇಟಿನವರೆಗೆ ಹೋಗಬೇಕು. ಆ ಚಿತ್ರದ ಮೇಲೆ ನನ್ನ ತಕರಾರಿಲ್ಲ. ಮೊದಲ ಭಾನುವಾರ ನಾನೂ ನೋಡಿ ಬಂದೆ, ಇಂಟರ್‌ವಲ್‌ವರೆಗೆ ಚೆನ್ನಾಗಿಯೇ ಇತ್ತು. ಶುಕ್ರವಾರ, ಶನಿವಾರ, ಭಾನುವಾರ ಜನ ತುಂಬಿರುತ್ತಾರೆ, ತುಂಬಿರಲಿ. ನನ್ನ ತಕರಾರು ಮಂಗಳವಾರದ್ದು. ಅಂದು ಸಂಜೆಯ ಫಸ್ಟ್ ಶೋಗೆ ಬಂದವರನ್ನು ಗೇಟ್‌ಕೀಪರ್ ಕುಳಿತಲ್ಲಿಂದಲೇ ಬೆರಳು ಮಡಚಿ ಎಣಿಸಿಬಿಡುತ್ತಾನೆ. ಆ ಖಾಲಿ ಕುರ್ಚಿಗಳಿಗೂ ಅದೇ ಚಿತ್ರವನ್ನೇ ತೋರಿಸಬೇಕೆಂಬ ಹಟ ಯಾಕೆ ಎಂಬುದು ನನಗೆ ತಿಳಿಯುತ್ತಿಲ್ಲ.

ಸಣ್ಣ ಕನ್ನಡ ಚಿತ್ರಕ್ಕೆ ಇಲ್ಲಿ ಜಾಗವೇ ಇಲ್ಲ ಎನ್ನಲಾಗದು. ಸಿಗುತ್ತದೆ, ಆದರೆ ಶುಕ್ರವಾರ ಬೆಳಗಿನ ಹತ್ತೂವರೆಯ ಆಟ. ಆ ಹೊತ್ತಿಗೆ ನಾನು ಏಳನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡುತ್ತಿರುತ್ತೇನೆ. ಅಂಗಡಿಯವರು ಆಗಷ್ಟೇ ಶಟರ್ ಎತ್ತಿ ಕಸ ಗುಡಿಸುತ್ತಿರುತ್ತಾರೆ, ಹಳ್ಳಿಯಿಂದ ಬಂದವರು ಕಚೇರಿಯ ಬಾಗಿಲಲ್ಲಿ ಸರದಿ ನಿಂತಿರುತ್ತಾರೆ. ಇನ್ನು ನೋಡಲು ಬರುವವರು ಯಾರು? ಕಾಲೇಜಿಗೆ ಚಕ್ಕರ್ ಹೊಡೆದ ಹುಡುಗರು ನಾಲ್ಕೈದು ಮಂದಿ, ಬೇಸಿಗೆಯಾದರೆ ನೆರಳಿಗೆಂದು ಬಂದು ಮಲಗುವವರು ಇನ್ನಿಬ್ಬರು. ಸೋಮವಾರ ಪೋಸ್ಟರ್ ಇಳಿಯುತ್ತದೆ, "ಓಡಲಿಲ್ಲ" ಎಂಬ ತೀರ್ಪು ಬರುತ್ತದೆ. ಕಾಲು ಕಟ್ಟಿ ಓಟಕ್ಕೆ ಬಿಟ್ಟು ಸೋತ ಎತ್ತನ್ನು ಬೈಯುವ ನ್ಯಾಯ ಇದು.

ಇದರಲ್ಲಿ ನನಗೆ ಬಹಳ ಸಿಟ್ಟು ಬರಿಸಿದ್ದು "ಶಿವಮ್ಮ ಯರೇಹಂಚಿನಾಳ". ಜೈಶಂಕರ್ ಆರ್ಯರ್ ಅವರು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ, ಹೆಚ್ಚಾಗಿ ಆ ಊರಿನ ಜನರನ್ನೇ ಇಟ್ಟುಕೊಂಡು ಮಾಡಿದ ಚಿತ್ರ. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಣ್ಣುಮಗಳೊಬ್ಬಳು ಶಕ್ತಿವರ್ಧಕ ಪೇಯ ಮಾರುವ ಸರಪಳಿ ವ್ಯಾಪಾರಕ್ಕೆ ಬೀಳುವ ಕಥೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಪಡೆಯಿತು, 2024ರ ಜೂನ್‌ನಲ್ಲಿ ಬಿಡುಗಡೆಯಾಯಿತು. ಕೊರಿಯಾದವರು ಅಡಿಬರಹ ಓದಿಕೊಂಡು ನೋಡಿದರು. ನಮಗಾದರೆ ಅಡಿಬರಹವೇ ಬೇಡ, ಅದು ನಮ್ಮ ಮಗ್ಗುಲಿನ ಮಾತು. ಶಿವಮ್ಮನಂಥವರು ನಮ್ಮ ಶಾಲೆಯ ಅಡುಗೆಮನೆಯಲ್ಲಿಯೂ ಇದ್ದಾರೆ, ಆ ಡಬ್ಬಿ ಹಿಡಿದುಕೊಂಡು ನಮ್ಮ ಸ್ಟಾಫ್ ರೂಮಿಗೂ ಬಂದವರಿದ್ದಾರೆ. ನಮ್ಮ ಟಾಕೀಸಿನ ಗೋಡೆಗೆ ಮಾತ್ರ ಶಿವಮ್ಮನ ಪೋಸ್ಟರ್ ಏರಲಿಲ್ಲ. ತಂಗಿಯ ಮನೆಗೆಂದು ಬೆಂಗಳೂರಿಗೆ ಹೋದಾಗ ನಾನು ನೋಡಿದೆ. ಉತ್ತರ ಕರ್ನಾಟಕದ ಚಿತ್ರ ನೋಡಲು ಉತ್ತರ ಕರ್ನಾಟಕದವರು ರಾತ್ರಿ ಬಸ್ ಹತ್ತಬೇಕು!

ಈ ಸಿಟ್ಟನ್ನು ಟಾಕೀಸಿನ ಸಾಹುಕಾರರ ಮುಂದೆಯೇ ಹೇಳಿದೆ. ಅವರು ನಕ್ಕು ಚಹಾ ತರಿಸಿದರು. "ಅಕ್ಕಾವರೇ, ಚಿತ್ರ ನಾನು ಆರಿಸುತ್ತೇನೆ ಎಂದುಕೊಂಡಿದ್ದೀರಿ. ನನ್ನನ್ನು ಯಾರು ಕೇಳುತ್ತಾರೆ?" ಎಂದರು. ದೊಡ್ಡ ಚಿತ್ರ ಬೇಕೆಂದರೆ ನಾಲ್ಕೂ ಆಟ ಕೊಡಬೇಕು, ಇಂತಿಷ್ಟು ವಾರ ಇಳಿಸಬಾರದು ಎಂಬುದು ವಿತರಕರ ಷರತ್ತು. ಒಪ್ಪದಿದ್ದರೆ ಅದು ಪಕ್ಕದ ಟಾಕೀಸಿಗೆ ಹೋಗುತ್ತದೆ, ಮುಂದಿನ ಹಬ್ಬದ ಚಿತ್ರವೂ ಅತ್ತಲೇ. ಕುರ್ಚಿ ತುಂಬಲಿ ಬಿಡಲಿ, ಕರೆಂಟ್ ಬಿಲ್ಲು, ಪ್ರೊಜೆಕ್ಟರ್ ದೀಪ, ಆಳುಗಳ ಪಗಾರ ನಿಲ್ಲುವುದಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಆ ಷರತ್ತು ಸಡಿಲಾದ ಮೇಲೂ, ಮೂರನೆಯ ವಾರದಲ್ಲೂ, ಅವರು ಅದೇ ಚಿತ್ರ ಓಡಿಸುತ್ತಾರೆ. ಅದು ವಿತರಕರ ಷರತ್ತಲ್ಲ, ರೂಢಿ. ನನ್ನ ಜಗಳ ಈ ರೂಢಿಯ ಜೊತೆಗೆ ಮಾತ್ರ.

ಹಿಂದೆ ಒಂದು ನಿಜವಾದ ಅಡಚಣೆ ಇತ್ತು. ಸಿನಿಮಾ ಎಂದರೆ ತಗಡಿನ ಡಬ್ಬಿಯಲ್ಲಿ ಬರುವ ರೀಲು. ಎರಡು ಸಾವಿರ ಅಡಿಯ ಒಂದು ರೀಲು ಪರದೆಯ ಮೇಲೆ ಇಪ್ಪತ್ತು ನಿಮಿಷದ ಆಚೀಚೆ ಓಡುತ್ತಿತ್ತು, ಇಡೀ ಚಿತ್ರದ ಒಂದೊಂದು ಪ್ರಿಂಟಿಗೂ ನಿರ್ಮಾಪಕ ಹಣ ಸುರಿಯಬೇಕಿತ್ತು. ಸಣ್ಣ ನಿರ್ಮಾಪಕ ಕೆಲವೇ ಪ್ರಿಂಟ್ ಹಾಕಿಸುತ್ತಿದ್ದ, ಅವು ದೊಡ್ಡ ಊರುಗಳಲ್ಲಿ ಓಡಿ ಸವೆದ ಮೇಲೆ ಗೀರುಗೀರಾಗಿ ನಮ್ಮಲ್ಲಿಗೆ ಬರುತ್ತಿದ್ದವು. ಈಗ ರೀಲೂ ಇಲ್ಲ, ಡಬ್ಬಿಯೂ ಇಲ್ಲ. ಚಿತ್ರ ಹಾರ್ಡ್ ಡಿಸ್ಕಿನಲ್ಲೋ ಉಪಗ್ರಹದ ಮೂಲಕವೋ ಬೀಗ ಹಾಕಿಕೊಂಡು ಬರುತ್ತದೆ. ಯಾವ ಟಾಕೀಸಿನ ಯಂತ್ರದಲ್ಲಿ, ಯಾವ ದಿನದಿಂದ ಯಾವ ದಿನದವರೆಗೆ ಓಡಬೇಕು ಎಂಬುದಕ್ಕೆ ಬೇರೆ ಕೀ ಕಳುಹಿಸುತ್ತಾರೆ. ಡಿಜಿಟಲ್ ಕಂಪನಿಯ ಶುಲ್ಕ ಇದ್ದೇ ಇದೆ. ಆದರೂ ಒಂದು ಮಂಗಳವಾರ ಸಂಜೆಗಾಗಿ ಚಿತ್ರ ತರಿಸುವುದು ಅಂದು ಆಗದ ಮಾತು, ಇಂದು ಆಗುವ ಮಾತು.

"ನಮ್ಮ ಜನಕ್ಕೆ ಹಿಂದಿ, ಮರಾಠಿ ಚಟ, ಕನ್ನಡದ ಸಣ್ಣ ಚಿತ್ರ ಯಾರಿಗೆ ಬೇಕು?" ಎಂಬುದು ಇನ್ನೊಂದು ವಾದ. ಇದಕ್ಕೆ ಹಳೆಯ ಬೇರಿದೆ. ಹಿಂದಿ ಚಿತ್ರ ವ್ಯಾಪಾರದ ಲೆಕ್ಕದಲ್ಲಿ ಬಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಮುಂಬೈ ಸರ್ಕ್ಯೂಟಿಗೆ, ಅಂದರೆ ಮುಂಬೈ ವಿತರಣಾ ವಲಯಕ್ಕೆ, ಸೇರಿದವು. ಹಳೆ ಮೈಸೂರಿನದು ಬೇರೆ ಸರ್ಕ್ಯೂಟು, ಕಲಬುರಗಿ ಕಡೆಯದು ನಿಜಾಮ್. 1956ರಲ್ಲಿ ರಾಜ್ಯ ಒಂದಾಯಿತು, ಸಿನಿಮಾದವರ ನಕ್ಷೆ ಒಂದಾಗಲಿಲ್ಲ. ಆದರೆ ಈ ಮುಂಬೈ ನಂಟಿನಿಂದ ನಾವು ಕನ್ನಡಕ್ಕೆ ದೂರದವರಾದೆವು ಎಂದರೆ ಒಪ್ಪಲಾರೆ. ಕನ್ನಡದಲ್ಲಿ ತೆರೆಗೆ ಬಂದ ಮೊದಲ ಮಾತಿನ ಚಿತ್ರ "ಸತಿ ಸುಲೋಚನಾ" 1934ರಲ್ಲಿ ಬಂತು. ಅದನ್ನು ಚಿತ್ರೀಕರಿಸಿದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ, ಬೆಳಗಾವಿಯ ಆಚೆಗಿನ ಕೊಲ್ಲಾಪುರದ ಸ್ಟುಡಿಯೋದಲ್ಲಿ.

ಇನ್ನು ನಮ್ಮ ಹಾಡುನಟಿ ಅಮೀರ್‌ಬಾಯಿ ಕರ್ನಾಟಕಿ. ಹುಟ್ಟಿದ್ದು ಬೀಳಗಿಯಲ್ಲಿ. ಇಂದು ಅದು ಬಾಗಲಕೋಟೆ ಜಿಲ್ಲೆ, ಅಂದು ಬಿಜಾಪುರ ಜಿಲ್ಲೆ. ಅಕ್ಕ ಗೋಹರ್‌ಬಾಯಿಯೂ ಹಾಡುನಟಿಯೇ. ಮುಂಬೈಗೆ ಹೋಗಿ ಅಮೀರ್‌ಬಾಯಿ ಹಾಡಿದ "ಕಿಸ್ಮತ್" 1943ರಲ್ಲಿ ಬಂದು ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರ ಒಂದರಲ್ಲಿಯೇ 187 ವಾರ ಓಡಿತು. ಅಷ್ಟು ದೊಡ್ಡ ಹೆಸರಾದ ಮೇಲೂ ಹೆಸರಿನ ತುದಿಯಲ್ಲಿದ್ದ ಕರ್ನಾಟಕಿಯನ್ನು ಅವರು ಬಿಡಲಿಲ್ಲ. ಈ ಊರಿನ ಹಿರಿಯರನ್ನು ಕೇಳಿ ನೋಡಿ, ಅಮೀರ್ ಟಾಕೀಸ್ ಎಂದ ಕೂಡಲೇ ಯಾವ ಚಿತ್ರವನ್ನು ಯಾರ ಜೊತೆ ನೋಡಿದೆವು ಎಂದು ಶುರು ಮಾಡುತ್ತಾರೆ, ನಿಲ್ಲಿಸುವುದೇ ಕಷ್ಟ. ಹಾಡುಗಾರ್ತಿಯ ಹೆಸರನ್ನು ಟಾಕೀಸಿಗೆ ಇಟ್ಟುಕೊಂಡ ಊರಿಗೆ ಅಭಿರುಚಿಯಿಲ್ಲ ಎಂದು ಹೇಳುವವರು ಸ್ವಲ್ಪ ಯೋಚಿಸಿ ಹೇಳಲಿ.

ಜನ ಬರುವುದಿಲ್ಲ ಎಂಬುದಕ್ಕೆ ಉತ್ತರವಾಗಿ ನಾನು ಸಾಹುಕಾರರಿಗೆ ನೆನಪಿಸಿದ್ದು "ಸು ಫ್ರಮ್ ಸೋ". 2025ರ ಜುಲೈ 25ರಂದು ಬಂದ ಚಿತ್ರ. ದೊಡ್ಡ ನಾಯಕನಿಲ್ಲ, ಪೂರ್ತಿ ಕರಾವಳಿಯ ಕನ್ನಡ. ಕೆಲವೇ ದಿನಗಳಲ್ಲಿ ಬಾಯಿಮಾತಿನಿಂದಲೇ ರಾಜ್ಯದ ತುಂಬ ಆಟಗಳು ಹೆಚ್ಚಾದವು. ನಮ್ಮ ಜನ ಕರಾವಳಿಯ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನನ್ನ ಹಿಂದೆ ಕುಳಿತಿದ್ದ ಅಜ್ಜಿಗೆ ಒಂದು ಮಾತನ್ನೂ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಹಾಗಾದರೆ ನಮ್ಮದೇ ಮಾತಿನ ಚಿತ್ರ ನಮಗೆ ತಿಳಿಯುವುದಿಲ್ಲ ಎಂದು ನಿರ್ಧರಿಸಿದವರು ಯಾರು? ನಮ್ಮ ಮಾತು ದೊಡ್ಡ ಚಿತ್ರಗಳಿಗೆ ಬೇಕಾಗುವುದು ಹೆಚ್ಚಾಗಿ ಹಾಸ್ಯನಟನ ಬಾಯಿಗೆ ಅಥವಾ ಖಳನ ಬಂಟನ ಬಾಯಿಗೆ. ಗಂಭೀರವಾಗಿ ಅಳುವ ಪಾತ್ರ ಆ ಮಾತಾಡಿದರೆ ಅದು ಪ್ರಶಸ್ತಿ ಚಿತ್ರವಾಗಿಬಿಡುತ್ತದೆ, ಬೆಳಗಿನ ಹತ್ತೂವರೆಗೆ ಹೋಗುತ್ತದೆ.

ಬೆಂಗಳೂರಿನಲ್ಲಿ ಕಳೆದ ವರ್ಷ ಟಿಕೆಟ್ ದರದ ದೊಡ್ಡ ಗದ್ದಲ ಎದ್ದಿತು. ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ 200 ರೂಪಾಯಿಯ ಮಿತಿ ಹಾಕಿತು, ಕೆಲವೇ ದಿನಗಳಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಟಿವಿಯಲ್ಲಿ ಅದೇ ಚರ್ಚೆ. ನಮ್ಮ ಟಾಕೀಸಿನ ಬಾಲ್ಕನಿಗೆ ಅಷ್ಟು ದರವೇ ಇಲ್ಲ! ನಮಗೆ ತಾಗುವ ಸುದ್ದಿ ಬೇರೆ ಇತ್ತು, ಅದನ್ನು ಯಾರೂ ಎತ್ತಿ ಹೇಳಲಿಲ್ಲ. 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಅದೇ ಸೆಪ್ಟೆಂಬರ್ 22ರಂದು ಶೇಕಡಾ 12ರಿಂದ 5ಕ್ಕೆ ಇಳಿಯಿತು. ಅದಕ್ಕಿಂತ ಹೆಚ್ಚಿನ ದರದ ಟಿಕೆಟ್‌ಗೆ 18 ಹಾಗೆಯೇ ಉಳಿಯಿತು. ಅಂದರೆ ಅಗ್ಗದ ಟಾಕೀಸಿಗೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿದೆ.

ಹೊತ್ತಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಗಂಡಸರು ಇದನ್ನು ಮರೆಯುತ್ತಾರೆ. ನಮ್ಮಂಥ ಊರಿನಲ್ಲಿ ಹೆಂಗಸರು ಟಾಕೀಸಿಗೆ ಬರುವುದು ಬಿಟ್ಟರು, ಧಾರಾವಾಹಿಗೆ ಅಂಟಿಕೊಂಡರು ಎಂಬ ಮಾತಿದೆ. ಸೆಕೆಂಡ್ ಶೋ ಬಿಟ್ಟಾಗ ರಾತ್ರಿ ಹನ್ನೆರಡರ ಮೇಲಾಗಿರುತ್ತದೆ, ಆಟೋದವನು ಕೇಳಿದಷ್ಟು ಕೊಡಬೇಕು. ಮ್ಯಾಟಿನಿಯ ಹೊತ್ತಿಗೆ ಕೆಲಸಕ್ಕೆ ಹೋಗುವವರು ಕೆಲಸದಲ್ಲಿ, ಮನೆಯಲ್ಲಿರುವವರು ಒಲೆಯ ಮುಂದೆ. ಉಳಿದದ್ದು ಫಸ್ಟ್ ಶೋ ಒಂದೇ. ಆರೂವರೆಗೆ ಶುರುವಾದರೆ ಒಂಬತ್ತಕ್ಕೆ ಮನೆ. ಆರಕ್ಕೇ ಶುರುವಾದರೆ ಇನ್ನೂ ಒಳ್ಳೆಯದು, ಇಂಡಿ, ಸಿಂದಗಿ ಕಡೆಯವರಿಗೂ ಬಸ್ ಸಿಗುತ್ತದೆ. ಸಣ್ಣ ಚಿತ್ರಗಳು ಹೆಚ್ಚಾಗಿ ಎರಡು ಗಂಟೆಯ ಒಳಗೆ ಮುಗಿಯುತ್ತವೆ, ಹೊಡೆದಾಟದ ಚಿತ್ರದಂತೆ ಮೂರು ಗಂಟೆ ಎಳೆಯುವುದಿಲ್ಲ. ಅಂದರೆ ನಾನು ಕೇಳುತ್ತಿರುವ ಹೊತ್ತು, ಕೇಳುತ್ತಿರುವ ಬಗೆಯ ಚಿತ್ರ, ಬರಬೇಕೆಂದಿರುವ ಜನ, ಮೂರೂ ಒಂದಕ್ಕೊಂದು ಹೊಂದುತ್ತವೆ. ಟಾಕೀಸಿನವರು ಮಾತ್ರ ಈ ಹೊತ್ತನ್ನೂ ಆ ನಾಯಕನಿಗೇ ಬರೆದುಕೊಟ್ಟಿದ್ದಾರೆ.

ಇಷ್ಟು ಬೈದ ಮೇಲೆ ನಮ್ಮವರಿಗೂ ಒಂದು ಮಾತು. ಹಳೆಯ ಟಾಕೀಸು ಕೆಡವಿದ ಫೋಟೋ ಯಾರಾದರೂ ಹಾಕಿದರೆ ಇಲ್ಲಿ ಕಣ್ಣೀರಿನ ಹೊಳೆಯೇ ಹರಿಯುತ್ತದೆ. ಗಾಂಧಿ ಕ್ಲಾಸಿನ ಬೆಂಚು, ಇಂಟರ್‌ವಲ್‌ನ ಶೇಂಗಾ, ಬ್ಲ್ಯಾಕ್ ಟಿಕೆಟು, ಎಲ್ಲವೂ ನೆನಪಾಗುತ್ತದೆ. ಹಾಗೆ ಬರೆದವರಲ್ಲಿ ಎಷ್ಟು ಜನ ಈ ವರ್ಷ ಟಿಕೆಟ್ ಕೊಂಡಿದ್ದೀರಿ? ಮೊಬೈಲಿನಲ್ಲಿ ಕದ್ದ ಪ್ರತಿ ನೋಡಿ "ಕನ್ನಡದಲ್ಲಿ ಒಳ್ಳೆಯ ಚಿತ್ರವೇ ಬರುವುದಿಲ್ಲ" ಎನ್ನುವವರ ಜೊತೆ ನಾನು ವಾದಕ್ಕಿಳಿಯುವುದಿಲ್ಲ, ಅವರು ನನ್ನ ಸಂಬಂಧಿಕರಾದರೂ ಸರಿ. (ಆಗಿದ್ದಾರೆ.)

ಸಾಹುಕಾರರು ಕೊನೆಗೆ ಅರ್ಧ ಒಪ್ಪಿದ್ದಾರೆ. ತಿಂಗಳಿಗೆ ಒಂದು ಮಂಗಳವಾರ, ಸಂಜೆ ಆರಕ್ಕೆ, ಒಂದು ಸಣ್ಣ ಕನ್ನಡ ಚಿತ್ರ. ವಿತರಕರ ಹತ್ತಿರ ಅವರೇ ಮಾತಾಡುತ್ತಾರೆ. ಅರವತ್ತು ಟಿಕೆಟಿನ ಹಣ ಮೊದಲೇ ಕೈಗೆ ಬರಬೇಕು, ಬಾರದಿದ್ದರೆ ಆ ಆಟವೂ ಎಂದಿನಂತೆ ನಾಯಕನಿಗೆ. ನಮ್ಮ ಶಾಲೆಯ ಅಕ್ಕಾವರು ಬರುತ್ತೇವೆಂದಿದ್ದಾರೆ, ಬಿಸಿಯೂಟದ ಇಬ್ಬರು ಹೆಣ್ಣುಮಕ್ಕಳೂ ಬರುತ್ತಾರೆ, ಅವರ ಟಿಕೆಟು ನನ್ನದು. ಮಹಿಳಾ ವಿಶ್ವವಿದ್ಯಾಲಯದ ಹಾಸ್ಟೆಲ್ ಹುಡುಗಿಯರಿಗೆ ಅನುಮತಿ ಸಿಗುತ್ತದೆಯೇ ಎಂದು ವಿಚಾರಿಸುತ್ತಿದ್ದೇನೆ, ಸಿಕ್ಕರೆ ಅರವತ್ತು ಸುಲಭ. ಉಳಿದವರು ಹೆಸರು ಕೊಡುವಾಗ ಹಣವನ್ನೂ ಕೊಡಿ, ಬರೀ "ಬರುತ್ತೇನೆ" ಎಂಬ ಮಾತು ಲೆಕ್ಕಕ್ಕಿಲ್ಲ.

ಅವರ ಷರತ್ತಿಗೆ ನಾನೂ ಒಂದು ಷರತ್ತು ಸೇರಿಸಿದ್ದೇನೆ. ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಬೇಕು, ನಲ್ಲಿಯಲ್ಲಿ ನೀರು ಬರಬೇಕು. ಮೊದಲ ಆಟದ ಹಿಂದಿನ ದಿನ ಶಾಲೆ ಬಿಟ್ಟ ಮೇಲೆ ನಾನೇ ಹೋಗಿ ಚಿಲಕ ಹಾಕಿ ತೆಗೆದು ನೋಡುತ್ತೇನೆ, ಆಮೇಲೆಯೇ ಹಣ ಎಂದು ಹೇಳಿ ಬಂದಿದ್ದೇನೆ.