ಏರ್ ಹಿಡಿದ ಜೀಪು

ನಮ್ಮ ಮನೆಯ 1994ರ ಡೀಸೆಲ್ ಜೀಪಿನಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪನ್ನು ನಾನೇ ಬದಲಿಸಿದೆನೆಂಬ ಸುದ್ದಿ ತೀರ್ಥಹಳ್ಳಿ ಪೇಟೆಯವರೆಗೂ ತಲುಪುವಂತೆ ನೋಡಿಕೊಂಡವನೂ ನಾನೇ. ನಾಲ್ಕನೆಯ ದಿನ ಬೆಳಿಗ್ಗೆ ಜೀಪು ಏಳಲಿಲ್ಲ. ಸೆಲ್ಫ್ ತಿರುಗುತ್ತಿತ್ತು, ಸೈಲೆನ್ಸರಿನಲ್ಲಿ ಮಾತ್ರ ಒಂದೆಳೆ ಹೊಗೆಯೂ ಇಲ್ಲ. ಹೊಗೆಯಿಲ್ಲವೆಂದರೆ ಎಂಜಿನ್ನಿಗೆ ಡೀಸೆಲ್ ತಲುಪಿಲ್ಲವೆಂದೇ ಅರ್ಥ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿ ಏರ್ ಹಿಡಿದಿದೆಯೆಂದು ಫಿಲ್ಟರಿನ ಮೇಲಿನ ಬೋಲ್ಟನ್ನು ಸಡಿಲಿಸಿ, ನೊರೆ ನಿಂತು ಬರಿಯ ಡೀಸೆಲ್ ಬರುವವರೆಗೆ ಕೈಪಂಪನ್ನು ಒತ್ತಿದ ಮೇಲೆ, ಏನೂ ನಡೆದೇ ಇಲ್ಲವೆಂಬಂತೆ ಗುಡುಗುಟ್ಟುತ್ತ ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಅದೇ ಪೂಜೆ.

ಎಲ್ಲಿಯೂ ಒಂದು ಹನಿ ಡೀಸೆಲ್ ಸೋರುತ್ತಿರಲಿಲ್ಲ. ಸೋರದ ಪೈಪಿನೊಳಕ್ಕೆ ಗಾಳಿ ಹೇಗೆ ಹೊಕ್ಕೀತೆಂಬ ನನ್ನ ತರ್ಕದ ದೆಸೆಯಿಂದ ಫಿಲ್ಟರ್ ಬದಲಾಯಿತು, ಬ್ಯಾಟರಿ ಚಾರ್ಜಿಗೆ ಹೋಯಿತು, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿಯಲ್ಲಿ ಅತ್ತಿಗೆಯ ಸೂಜಿ ಮುರಿಯಿತು. "ಅಮಾಸೆ ದಿನ ಕಬ್ಬಿಣ ಬಿಚ್ಚಬೇಡ ಅಂದಿದ್ದೆ ಮಾರಾಯ" ಎಂದು ದೊಡ್ಡಪ್ಪ ಹೇಳಿದ ಕಾರಣವನ್ನು ನನ್ನ ತರ್ಕಕ್ಕಿಂತ ಕೀಳೆನ್ನಲು ಈಗ ನನಗೆ ಧೈರ್ಯವಿಲ್ಲ.

ಕೊನೆಗೆ ಸುಮಾರು 60 ಕಿಲೋಮೀಟರ್ ದೂರದ ಶಿವಮೊಗ್ಗಕ್ಕೆ ಒಯ್ದು ಗ್ಯಾರೇಜಿನಲ್ಲಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಅದು ಒಂದೇ ಸೆಲ್ಫಿಗೆ ಎದ್ದು ನನ್ನ ಮಾನ ಕಳೆಯಿತು. ಮೆಕ್ಯಾನಿಕ್ ಬಾನೆಟ್ಟನ್ನೂ ಎತ್ತದೆ, "ಮನೇಲಿ ಗಾಡಿ ಹೆಂಗೆ ನಿಲ್ಲಿಸ್ತೀರಿ ಗೌಡ್ರೇ?" ಎಂದು ಕೇಳಿದ. ಅಂಗಳದ ಏರಿನಲ್ಲಿ, ಮೂತಿ ಮೇಲಾಗಿ ಎಂದೆ. ಅವನಿಗೆ ಅಷ್ಟೇ ಸಾಕಾಯಿತು. ಟ್ಯಾಂಕಿನಿಂದ ಪಂಪಿನವರೆಗಿನದು ಎಳೆಯುವ ಪೈಪು. ಅಲ್ಲಿನ ಜಾಯಿಂಟ್ ಸಡಿಲವಾದರೆ ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಏರಿನಲ್ಲಿ ನಿಂತಾಗ ಹಿಂದಿನ ಟ್ಯಾಂಕು ತಗ್ಗಿಗೆ ಬೀಳುವುದರಿಂದ ರಾತ್ರಿಯಿಡೀ ಡೀಸೆಲ್ ಹಿಂದಕ್ಕೆ ಜಾರಿ, ಅದರ ಜಾಗದಲ್ಲಿ ಗಾಳಿ ತುಂಬುತ್ತದೆ. ಆ ಜಾಯಿಂಟಿನ ಎರಡು ಬದಿಗೆ ಕೂರುವ, ಒಮ್ಮೆ ಬಿಗಿದು ಚಪ್ಪಟೆಯಾದ ತಾಮ್ರದ ವಾಷರುಗಳನ್ನೇ ನಾನು ತಿರುಗಿ ಹಾಕಿದ್ದೆ. ಹೊಸವು ಪಂಪಿನ ಡಬ್ಬಿಯಲ್ಲಿಯೇ ಇರುತ್ತವೆಂದು ಆತ ಹೇಳಿದ್ದನ್ನು ಕೇಳಿ, ಹತ್ತಿಪ್ಪತ್ತು ರೂಪಾಯಿ ಉಳಿಯಿತೆಂದು ಹಿಗ್ಗಿ ಮನೆಗೆ ಬಂದೆ.

ಡಬ್ಬಿ ದೊಡ್ಡಪ್ಪನ ಅಡಿಕೆ ಡಬ್ಬಿಯಾಗಿತ್ತು. ಅದರ ತಳದಲ್ಲಿ ಒಂದು ವಾಷರ್ ಸಿಕ್ಕಿತು. ಇನ್ನೊಂದು, ದೃಷ್ಟಿಗೆಂದು ಕಪ್ಪು ದಾರದಲ್ಲಿ ಪೋಣಿಸಿಕೊಂಡು, ಕೊಟ್ಟಿಗೆಯಲ್ಲಿ ಕರುವಿನ ಕೊರಳಲ್ಲಿತ್ತು. ಅದನ್ನು ಕಟ್ಟಿದ ದಿನವೇ ಕರುವಿನ ಭೇದಿ ನಿಂತಿತೆಂದು ದೊಡ್ಡಪ್ಪ ಸಾಕ್ಷಿ ಸಮೇತ ವಾದಿಸಿದರು. ಶಿವಮೊಗ್ಗಕ್ಕೆ ಫೋನು ಮಾಡಿದಾಗ ಮೆಕ್ಯಾನಿಕ್ ಬಹಳ ಹೊತ್ತು ನಕ್ಕು, ಹಳೆಯ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ತಾಮ್ರ ಮೆದುವಾಗುತ್ತದೆಂದ. ಬಚ್ಚಲೊಲೆಯ ಕೆಂಡದಲ್ಲಿ ಅದನ್ನು ಕಾಯಿಸಿ, ಒಂದು ಬದಿಗೆ ಹೊಸದು, ಇನ್ನೊಂದು ಬದಿಗೆ ಹಳೆಯದು ಎಂದು ಬಿಗಿದೆ.

ಈಗ ಜೀಪು ಏರಿನಲ್ಲಿಯೇ ನಿಂತು, ಬೆಳಿಗ್ಗೆ ಒಂದೇ ಸೆಲ್ಫಿಗೆ ಏಳುತ್ತಿದೆ. ಕರುವಿಗೂ ಭೇದಿ ಮರುಕಳಿಸಿಲ್ಲ.